ಬ್ರೌಸರಿನ ಮೆಮೊರಿ ದೋಷ ಮತ್ತು ವರ್ತಕರ ಖಜಾನೆ

ಅಂಗಡಿಗೆ ಭದ್ರವಾದ ಬೀಗ ಜಡಿದು, ಗಲ್ಲಾಪೆಟ್ಟಿಗೆಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದರೆ ವರ್ತಕನಿಗೆ ನಿಶ್ಚಿಂತೆಯ ನಿದ್ರೆ ಬರುತ್ತಿದ್ದ ಕಾಲವೊಂದಿತ್ತು. ಇಂದು ನಮ್ಮ ಸದಸ್ಯರಲ್ಲಿ ಬಹುತೇಕರ ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ವಿವರಪಟ್ಟಿ, ಆದಾಯ ತೆರಿಗೆ, ಇ-ವೇ ಬಿಲ್, ಗ್ರಾಹಕರ ಬಾಕಿ ವಿವರ ಇವೆಲ್ಲವೂ ಕಚೇರಿಯ ಮೂಲೆಯಲ್ಲಿರುವ ಒಂದೇ ಗಣಕಯಂತ್ರದ ಮೂಲಕ ಹಾದುಹೋಗುತ್ತವೆ. ಆ ಯಂತ್ರದಿಂದ ಅಂತರ್ಜಾಲಕ್ಕೆ ಇರುವ ಮುಖ್ಯ ದ್ವಾರವೇ ಬ್ರೌಸರ್. ಸಗಟು ವರ್ತಕನಿಂದ ಹಿಡಿದು ಸಣ್ಣ ಕೈಗಾರಿಕೋದ್ಯಮಿಯವರೆಗೆ ಎಲ್ಲರೂ ಈ ದ್ವಾರವನ್ನು ದಿನಕ್ಕೆ ಹತ್ತಾರು ಬಾರಿ ತೆರೆಯುತ್ತಾರೆ. ಆದರೆ ಅದರ ಚಿಲಕ ಗಟ್ಟಿಯಾಗಿದೆಯೇ ಎಂದು ನೋಡುವವರು ವಿರಳ.

ಅಪರಿಚಿತರಿಂದ ಬಂದ ಇ-ಮೇಲ್ ಕಡತವನ್ನು ತೆರೆಯಬಾರದು, ಒಟಿಪಿಯನ್ನು ಯಾರಿಗೂ ಹೇಳಬಾರದು ಎಂಬ ಎಚ್ಚರಿಕೆ ಈಗ ಎಲ್ಲರಿಗೂ ತಿಳಿದಿದೆ. ಆದರೆ ಯಾವ ಕಡತವನ್ನೂ ತೆರೆಯದೆ, ಯಾವ ಗುಪ್ತಪದವನ್ನೂ ಹೇಳದೆ, ಕೇವಲ ಒಂದು ಜಾಲಪುಟವನ್ನು ನೋಡಿದ ಮಾತ್ರಕ್ಕೆ ಗಣಕಯಂತ್ರವು ಪರರ ವಶವಾಗಬಹುದು ಎಂಬುದು ಅನೇಕರಿಗೆ ತಿಳಿದಿಲ್ಲ. ಇದಕ್ಕೆ ಕಾರಣವಾಗುವ ದೋಷಗಳಲ್ಲಿ ಪ್ರಮುಖವಾದುದು ‘ಮೆಮೊರಿ ಕರಪ್ಷನ್’, ಅಂದರೆ ಯಂತ್ರದ ಸ್ಮೃತಿಯಲ್ಲಿನ ಲೆಕ್ಕ ಕೆಡುವುದು. ಈ ದೋಷದ ಸ್ವರೂಪವನ್ನೂ ಅದಕ್ಕೆ ನಮ್ಮ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳನ್ನೂ ಲೆಕ್ಕಪತ್ರದ ಭಾಷೆಯಲ್ಲಿಯೇ ವಿವರಿಸುವುದು ಈ ಲೇಖನದ ಉದ್ದೇಶ.

೨೦೧೪ರ ಏಪ್ರಿಲ್ ತಿಂಗಳ ಪಾಠ

ಒಂದು ನೈಜ ಪ್ರಕರಣದಿಂದ ಪ್ರಾರಂಭಿಸೋಣ. ೨೦೦೧ರಲ್ಲಿ ಮಾರುಕಟ್ಟೆಗೆ ಬಂದಿದ್ದ ವಿಂಡೋಸ್ ಎಕ್ಸ್‌ಪಿ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೪ರ ಏಪ್ರಿಲ್ ೮ರಂದು ತನ್ನ ಬೆಂಬಲವನ್ನು ಕೊನೆಗೊಳಿಸಿತು. ಅದಾಗಿ ಮೂರು ವಾರ ಕಳೆಯುವುದರೊಳಗೆ, ಏಪ್ರಿಲ್ ೨೬ರ ಶನಿವಾರದಂದು, ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನಲ್ಲಿ ಗಂಭೀರ ದೋಷವೊಂದಿದೆಯೆಂದು ಅದೇ ಸಂಸ್ಥೆ ಪ್ರಕಟಿಸಬೇಕಾಯಿತು. ಫೈರ್‌ಐ ಎಂಬ ಭದ್ರತಾ ಸಂಸ್ಥೆಯು ಈ ದೋಷವನ್ನು ಬಳಸಿಕೊಂಡು ನಡೆಯುತ್ತಿದ್ದ ದಾಳಿಯನ್ನು ಪತ್ತೆಹಚ್ಚಿತ್ತು. ಸಿವಿಇ-೨೦೧೪-೧೭೭೬ ಎಂಬ ಕ್ರಮಾಂಕ ಪಡೆದ ಈ ದೋಷವು ಬ್ರೌಸರಿನ ೬ನೆಯ ಆವೃತ್ತಿಯಿಂದ ೧೧ನೆಯ ಆವೃತ್ತಿಯವರೆಗೆ ಎಲ್ಲದರಲ್ಲಿಯೂ ಇತ್ತು.

ಪರಿಹಾರ ಸಿದ್ಧವಾಗುವ ಮುನ್ನವೇ ದಾಳಿ ಪ್ರಾರಂಭವಾಗಿದ್ದುದರಿಂದ ಇದು ‘ಝೀರೋ ಡೇ’ ವರ್ಗಕ್ಕೆ ಸೇರಿತು. ಪರಿಹಾರ ದೊರೆಯುವವರೆಗೆ ಬೇರೆ ಬ್ರೌಸರ್ ಬಳಸುವುದನ್ನು ಪರಿಗಣಿಸಿರೆಂದು ಅಮೆರಿಕ ಸರ್ಕಾರದ ಗಣಕ ತುರ್ತು ಸ್ಪಂದನ ತಂಡವು ಏಪ್ರಿಲ್ ೨೮ರಂದು ಬಳಕೆದಾರರಿಗೆ ಸಲಹೆ ನೀಡಿತು. ಮೇ ೧ರಂದು ಮೈಕ್ರೋಸಾಫ್ಟ್ ತನ್ನ ಮಾಸಿಕ ವೇಳಾಪಟ್ಟಿಗೆ ಕಾಯದೆ, ಎಂಎಸ್೧೪-೦೨೧ ಎಂಬ ಹೆಸರಿನಲ್ಲಿ ‘ಪ್ಯಾಚ್’ ಎಂದು ಕರೆಯಲಾಗುವ ತೇಪೆ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಬೆಂಬಲ ಮುಗಿದಿದ್ದ ಎಕ್ಸ್‌ಪಿಗೂ ವಿನಾಯಿತಿಯ ರೂಪದಲ್ಲಿ ಈ ಪರಿಹಾರ ದೊರೆಯಿತು.

ಈ ಸುದ್ದಿ ನಮಗೆ ದೂರದ ದೇಶದ ಮಾತಾಗಿರಲಿಲ್ಲ. ಆ ದಿನಗಳಲ್ಲಿ ನಮ್ಮ ಅನೇಕ ಕಚೇರಿಗಳಲ್ಲಿ ಎಕ್ಸ್‌ಪಿ ಯಂತ್ರಗಳೇ ಇದ್ದವು. ಡಿಜಿಟಲ್ ಸಹಿ ಬಳಸಿ ವಿವರಪಟ್ಟಿ ಸಲ್ಲಿಸಬೇಕಾದಾಗ ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ತೆರೆಯುವ ಅಭ್ಯಾಸ ಲೆಕ್ಕಪರಿಶೋಧಕರ ಕಚೇರಿಗಳಲ್ಲಿಯೂ ಇತ್ತು; ನನ್ನ ಕಚೇರಿಯೂ ಇದಕ್ಕೆ ಹೊರತಾಗಿರಲಿಲ್ಲ. ಅತ್ಯಂತ ಬೆಲೆಬಾಳುವ ಕಾರ್ಯವನ್ನು ಅತ್ಯಂತ ದುರ್ಬಲವಾದ ದ್ವಾರದಿಂದ ನಾವು ಮಾಡುತ್ತಿದ್ದೆವು ಎಂಬುದು ನನಗೆ ಮನವರಿಕೆಯಾದುದು ಆ ವಾರದಲ್ಲಿ.

ದೋಷದ ಸ್ವರೂಪ: ಖಾಲಿಯಾದ ಗೂಡು, ಹರಿಯದ ಚೀಟಿ

ಒಂದು ದೊಡ್ಡ ಮಂಡಿಯನ್ನು ಊಹಿಸಿಕೊಳ್ಳಿ. ಗೋಡೆಯ ಉದ್ದಕ್ಕೂ ಕ್ರಮಸಂಖ್ಯೆಯುಳ್ಳ ಗೂಡುಗಳಿವೆ. ಪ್ರತಿ ವ್ಯವಹಾರಕ್ಕೂ ಒಂದು ಗೂಡು ಮೀಸಲು. ಅದರಲ್ಲಿ ಆ ವ್ಯವಹಾರದ ಕಾಗದಗಳೂ ‘ಮುಂದೆ ಏನು ಮಾಡಬೇಕು’ ಎಂಬ ಆದೇಶದ ಚೀಟಿಯೂ ಇರುತ್ತವೆ. ಗುಮಾಸ್ತನು ಪ್ರಾಮಾಣಿಕ, ಚುರುಕು. ಆದರೆ ಸ್ವಂತ ವಿವೇಚನೆಯಿಲ್ಲದವನು. ಗೂಡಿನಲ್ಲಿ ಏನು ಬರೆದಿದೆಯೋ ಅದನ್ನು ಅಕ್ಷರಶಃ ಪಾಲಿಸುವುದಷ್ಟೇ ಅವನಿಗೆ ಗೊತ್ತು. ಗಣಕಯಂತ್ರದ ಮೆಮೊರಿಯೆಂದರೆ ಈ ಗೂಡುಗಳ ಸಾಲು; ಬ್ರೌಸರ್ ಎಂದರೆ ಈ ಗುಮಾಸ್ತ.

ಜಾಲಪುಟವೊಂದನ್ನು ತೆರೆದಾಗ ಬ್ರೌಸರ್ ಸಾವಿರಾರು ಗೂಡುಗಳನ್ನು ಹಂಚುತ್ತದೆ, ಕೆಲಸ ಮುಗಿದವುಗಳನ್ನು ತೆರವು ಮಾಡುತ್ತದೆ. ಈಗ ೧೪ನೆಯ ಗೂಡು ಖಾಲಿಯಾಯಿತೆನ್ನೋಣ. ಆದರೆ ‘ಆದೇಶಕ್ಕಾಗಿ ೧೪ನೆಯ ಗೂಡನ್ನು ನೋಡು’ ಎಂದು ಗುಮಾಸ್ತನ ಕಿಸೆಯಲ್ಲಿದ್ದ ಹಳೆಯ ಟಿಪ್ಪಣಿಯನ್ನು ಯಾರೂ ಹರಿದುಹಾಕಲಿಲ್ಲ. ಅಷ್ಟರಲ್ಲಿ ಆ ಗೂಡು ಅಪರಿಚಿತನೊಬ್ಬನಿಗೆ ಹಂಚಿಕೆಯಾಯಿತು. ಅವನು ಅದರಲ್ಲಿ ‘ಖಜಾನೆಯ ಕೀಲಿಯನ್ನು ಈ ಚೀಟಿ ಬರೆದವನಿಗೆ ಒಪ್ಪಿಸು’ ಎಂದು ಬರೆದಿಟ್ಟನು. ಗುಮಾಸ್ತನು ಹಳೆಯ ಟಿಪ್ಪಣಿಯ ಪ್ರಕಾರ ಹೋಗಿ, ಹೊಸ ಚೀಟಿಯನ್ನು ಓದಿ, ಅದನ್ನು ಯಜಮಾನರ ಆದೇಶವೆಂದೇ ಭಾವಿಸಿ ಪಾಲಿಸಿದನು. ತೆರವಾದ ಮೆಮೊರಿಯನ್ನು ಪುನಃ ಬಳಸುವ ಈ ದೋಷಕ್ಕೆ ‘ಯೂಸ್ ಆಫ್ಟರ್ ಫ್ರೀ’ ಎಂದು ಹೆಸರು. ೨೦೧೪ರ ದೋಷ ಇದೇ ಬಗೆಯದು.

ತನಗೆ ಯಾವ ಗೂಡು ಸಿಗುತ್ತದೆಂದು ಅಪರಿಚಿತನಿಗೆ ಖಚಿತವಾಗಿ ತಿಳಿಯದು. ಆದ್ದರಿಂದ ಅವನು ನೂರಾರು ಗೂಡುಗಳನ್ನು ಪಡೆದು ಎಲ್ಲದರಲ್ಲಿಯೂ ಅದೇ ಚೀಟಿಯನ್ನು ತುಂಬಿಡುತ್ತಾನೆ. ೨೦೧೪ರ ದಾಳಿಯಲ್ಲಿ ಹೀಗೆ ಮೆಮೊರಿಯನ್ನು ತಮಗೆ ಬೇಕಾದಂತೆ ಅಣಿಗೊಳಿಸಲು ಫ್ಲ್ಯಾಶ್ ಕಡತವೊಂದನ್ನು ಬಳಸಲಾಗಿತ್ತು. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಬಳಕೆದಾರನು ಪುಟವನ್ನು ತೆರೆಯುವುದರ ಹೊರತು ಬೇರೇನನ್ನೂ ಮಾಡಬೇಕಾಗಿಲ್ಲ. ಗೂಡುಗಳ ಹಂಚಿಕೆಯೆಲ್ಲ ಪರದೆಯ ಹಿಂದೆ ಕ್ಷಣಾರ್ಧದಲ್ಲಿ ನಡೆದುಹೋಗುತ್ತದೆ.

ಇದರ ಸಹೋದರ ದೋಷವೊಂದಿದೆ. ಲೆಜರಿನ ಒಂದು ಪುಟದಲ್ಲಿ ೪೦ ಸಾಲುಗಳಿದ್ದು, ಗುಮಾಸ್ತನು ೪೫ ನಮೂದುಗಳನ್ನು ಬರೆದರೆ ಕೊನೆಯ ಐದು ಪಕ್ಕದ ಖಾತೆಯ ಪುಟದ ಮೇಲೆ ಹೋಗಿ ಕೂರುತ್ತವೆ. ಅಲ್ಲಿದ್ದ ನಿಜವಾದ ನಮೂದು ಅಳಿದುಹೋಗುತ್ತದೆ. ಇದು ‘ಬಫರ್ ಓವರ್‌ಫ್ಲೋ’. ಪಕ್ಕದ ಖಾತೆಯಲ್ಲಿ ಏನು ಬರೆಯಬೇಕೆಂಬುದನ್ನು ದಾಳಿಕೋರನು ನಿರ್ಧರಿಸಬಲ್ಲನಾದರೆ ಫಲಿತಾಂಶ ಮೇಲಿನದೇ.

ತಡೆಗೋಡೆಗಳೂ ಅವುಗಳ ಮಿತಿಯೂ

ತಂತ್ರಜ್ಞರು ಈ ಅಪಾಯಕ್ಕೆ ಹಲವು ತಡೆಗೋಡೆಗಳನ್ನು ನಿರ್ಮಿಸಿದ್ದಾರೆ. ಮೊದಲನೆಯದು, ಸರಕಿನ ಗೂಡಿನಲ್ಲಿ ಸಿಕ್ಕ ಬರಹವನ್ನು ಆದೇಶವೆಂದು ಪರಿಗಣಿಸಬಾರದೆಂಬ ನಿಯಮ. ಇದು ‘ಡಿಇಪಿ’ ಎಂಬ ಹೆಸರಿನಿಂದ ೨೦೦೪ರಲ್ಲಿ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನೊಡನೆ ಬಂದಿತು. ಎರಡನೆಯದು, ಪ್ರತಿ ಬಾರಿಯೂ ಗೂಡುಗಳ ಕ್ರಮಸಂಖ್ಯೆಯನ್ನು ಕಲಸಿಬಿಡುವ ‘ಎಎಸ್ಎಲ್ಆರ್’. ಇದು ವಿಂಡೋಸ್ ವಿಸ್ಟಾದಲ್ಲಿ ಬಂದಿತು, ಎಕ್ಸ್‌ಪಿಗೆ ದೊರೆಯಲೇ ಇಲ್ಲ. ಮೂರನೆಯದು ‘ಸ್ಯಾಂಡ್‌ಬಾಕ್ಸ್’. ಗುಮಾಸ್ತನನ್ನು ಹೊರಕೋಣೆಯಲ್ಲಿಯೇ ಕೂರಿಸಿ, ಖಜಾನೆಯಿರುವ ಒಳಕೋಣೆಗೆ ಪ್ರವೇಶವಿಲ್ಲದಂತೆ ಮಾಡುವುದು ಇದರ ತತ್ತ್ವ. ೨೦೦೮ರಲ್ಲಿ ಬಿಡುಗಡೆಯಾದ ಗೂಗಲ್ ಕ್ರೋಮ್ ಪ್ರಾರಂಭದಿಂದಲೇ ಈ ವ್ಯವಸ್ಥೆಯನ್ನು ಹೊಂದಿತ್ತು.

ಇಷ್ಟಾಗಿಯೂ ೨೦೧೪ರ ದಾಳಿಕೋರರು ಮೊದಲೆರಡು ತಡೆಗಳನ್ನು ದಾಟುವ ಉಪಾಯವನ್ನು ಕಂಡುಕೊಂಡಿದ್ದರು. ಒಂದೊಂದು ಗೋಡೆಯೂ ಕಳ್ಳನ ಕೆಲಸವನ್ನು ಕಷ್ಟಗೊಳಿಸುತ್ತದೆಯೇ ಹೊರತು ಅಸಾಧ್ಯಗೊಳಿಸುವುದಿಲ್ಲ.

ದೋಷದ ಬೇರು ಇರುವುದು ಬ್ರೌಸರುಗಳನ್ನು ಬರೆಯಲು ಹೆಚ್ಚಾಗಿ ಬಳಸಲಾಗುವ ಸಿ ಮತ್ತು ಸಿ++ ಭಾಷೆಗಳಲ್ಲಿ. ಇವುಗಳಲ್ಲಿ ಗೂಡುಗಳ ಹಂಚಿಕೆ ಮತ್ತು ತೆರವಿನ ಹೊಣೆ ಬಹುಪಾಲು ತಂತ್ರಾಂಶ ಬರೆಯುವವನದೇ. ತನ್ನ ತಂತ್ರಾಂಶಗಳಲ್ಲಿನ ಭದ್ರತಾ ದೋಷಗಳಲ್ಲಿ ಸುಮಾರು ಶೇ. ೭೦ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ ೨೦೧೯ರಲ್ಲಿ ತಿಳಿಸಿತು. ಕ್ರೋಮ್‌ನ ಗಂಭೀರ ದೋಷಗಳ ವಿಷಯದಲ್ಲಿಯೂ ಇದೇ ಪ್ರಮಾಣವನ್ನು ೨೦೨೦ರಲ್ಲಿ ಅದರ ತಯಾರಕರು ಹೇಳಿದರು. ಗೂಡುಗಳ ಲೆಕ್ಕವನ್ನು ಭಾಷೆಯೇ ಪರಿಶೀಲಿಸುವ ರಸ್ಟ್ ಎಂಬ ಹೊಸ ಭಾಷೆಯ ಬಳಕೆ ಹೆಚ್ಚುತ್ತಿದ್ದು, ಫೈರ್‌ಫಾಕ್ಸ್ ಬ್ರೌಸರಿನ ಕೆಲವು ಭಾಗಗಳು ೨೦೧೭ರ ವೇಳೆಗೇ ಅದರಲ್ಲಿ ಬರೆಯಲ್ಪಟ್ಟವು. ಆದರೆ ದಶಕಗಳಿಂದ ಬೆಳೆದುಬಂದ ತಂತ್ರಾಂಶವನ್ನು ಒಮ್ಮೆಗೇ ಬದಲಿಸಲು ಬಾರದು.

ಹಳೆಯ ಕಥೆಯಲ್ಲ

ಇಂಟರ್ನೆಟ್ ಎಕ್ಸ್‌ಪ್ಲೋರರ್ ೨೦೨೨ರ ಜೂನ್ ೧೫ರಂದು ನಿವೃತ್ತಿ ಹೊಂದಿತು. ಫ್ಲ್ಯಾಶ್ ೨೦೨೦ರ ಡಿಸೆಂಬರ್ ಅಂತ್ಯಕ್ಕೆ ಬೆಂಬಲ ಕಳೆದುಕೊಂಡಿತು. ಹಾಗೆಂದು ಅಪಾಯ ಮುಗಿಯಿತೆಂದು ತಿಳಿಯಬಾರದು. ೨೦೨೩ರ ಸೆಪ್ಟೆಂಬರ್ ೬ರಂದು ಆಪಲ್ ಸಂಸ್ಥೆಯ ಭದ್ರತಾ ತಂಡವೂ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಸಂಸ್ಥೆಯೂ ಗೂಗಲ್‌ಗೆ ದೋಷವೊಂದನ್ನು ವರದಿ ಮಾಡಿದವು. ವೆಬ್‌ಪಿ ಎಂಬ ಚಿತ್ರ ಮಾದರಿಯನ್ನು ಬಿಡಿಸಿ ತೋರಿಸುವ ತಂತ್ರಾಂಶ ಭಾಗದಲ್ಲಿ ಮೇಲೆ ಹೇಳಿದ ಬಫರ್ ಓವರ್‌ಫ್ಲೋ ಇತ್ತು. ಅಂದರೆ, ವಿಶೇಷವಾಗಿ ಸಿದ್ಧಪಡಿಸಿದ ಒಂದು ಚಿತ್ರವೇ ಅಸ್ತ್ರವಾಗಬಹುದಿತ್ತು. ಸಿವಿಇ-೨೦೨೩-೪೮೬೩ ಎಂಬ ಈ ದೋಷಕ್ಕೆ ಕ್ರೋಮ್ ಸೆಪ್ಟೆಂಬರ್ ೧೧ರಂದು, ಫೈರ್‌ಫಾಕ್ಸ್ ೧೨ರಂದು ಪರಿಹಾರ ನೀಡಿದವು. ಅದೇ ಭಾಗವನ್ನು ಇತರ ಅನೇಕ ತಂತ್ರಾಂಶಗಳೂ ಬಳಸುತ್ತಿದ್ದುದರಿಂದ ಅವುಗಳನ್ನೂ ನವೀಕರಿಸಬೇಕಾಯಿತು.

ಎರಡು ಪ್ರಕರಣಗಳಲ್ಲಿಯೂ ದೋಷ ತಿಳಿದ ಒಂದು ವಾರದೊಳಗೆ ತೇಪೆ ಸಿದ್ಧವಾಯಿತು. ತಯಾರಕರ ವಿಳಂಬ ದಿನಗಳ ಲೆಕ್ಕದ್ದು. ಆದರೆ ನಮ್ಮ ಕಚೇರಿಗಳ ವಿಳಂಬ ತಿಂಗಳುಗಳ ಲೆಕ್ಕದ್ದು. ತೇಪೆ ಬಿಡುಗಡೆಯಾದ ಮೇಲೆ ಅದನ್ನೇ ಬಿಡಿಸಿ ನೋಡಿ ಮೂಲದೋಷ ಎಲ್ಲಿತ್ತೆಂದು ಇತರ ದಾಳಿಕೋರರು ಕಂಡುಕೊಳ್ಳಬಲ್ಲರು. ಆದುದರಿಂದ ತೇಪೆ ಬಂದ ನಂತರವೂ ಹಾಕಿಕೊಳ್ಳದಿರುವವನು ಮೊದಲಿಗಿಂತ ಹೆಚ್ಚಿನ ಅಪಾಯದಲ್ಲಿರುತ್ತಾನೆ.

ನಾನು ಲೆಕ್ಕಪರಿಶೋಧನೆಗೆ ಹೋದ ಒಂದು ಕಚೇರಿಯಲ್ಲಿ ಬ್ರೌಸರಿನ ಮೂಲೆಯಲ್ಲಿ ನವೀಕರಣದ ಸೂಚನೆ ಹೊಳೆಯುತ್ತಿತ್ತು. ಏಕೆ ಒತ್ತಿಲ್ಲವೆಂದು ಕೇಳಿದಾಗ ಲೆಕ್ಕದ ಗುಮಾಸ್ತರು, “ಇಪ್ಪತ್ತನೇ ತಾರೀಕು ಕಳೀಲಿ ಸಾರ್, ರಿಟರ್ನ್ ಹಾಕೋ ಹೊತ್ತಲ್ಲಿ ಏನಾದ್ರೂ ನಿಂತುಹೋದ್ರೆ ಯಜಮಾನ್ರು ನನ್ನನ್ನೇ ಬೈತಾರೆ” ಎಂದರು. ಇಪ್ಪತ್ತನೇ ತಾರೀಕು ಪ್ರತಿ ತಿಂಗಳೂ ಬರುತ್ತದೆ! ತಪ್ಪು ಆ ಗುಮಾಸ್ತರದಲ್ಲ. ನವೀಕರಣಕ್ಕೆಂದು ಒಂದು ಸಮಯವನ್ನು ನಿಗದಿಪಡಿಸದ ಯಜಮಾನರದು.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

೧. ನವೀಕರಣ: ಕ್ರೋಮ್ ೨೦೨೩ರ ಆಗಸ್ಟ್‌ನಿಂದ ಭದ್ರತಾ ತೇಪೆಗಳನ್ನು ವಾರಕ್ಕೊಮ್ಮೆ ನೀಡುವ ಕ್ರಮವನ್ನು ಅನುಸರಿಸಿತು. ಇವು ತಾವಾಗಿಯೇ ಇಳಿದುಬರುತ್ತವೆಯಾದರೂ ಬ್ರೌಸರನ್ನು ಪೂರ್ಣವಾಗಿ ಮುಚ್ಚಿ ಪುನಃ ತೆರೆಯುವವರೆಗೆ ಜಾರಿಗೆ ಬರುವುದಿಲ್ಲ. ವಾರಗಟ್ಟಲೆ ಯಂತ್ರವನ್ನು ಆರಿಸದೆ ಹತ್ತಾರು ಪುಟಗಳನ್ನು ತೆರೆದಿಡುವ ಅಭ್ಯಾಸವುಳ್ಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ವಾರದಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟು, ‘ಹೆಲ್ಪ್’ ವಿಭಾಗದ ‘ಅಬೌಟ್’ ಪುಟವನ್ನು ತೆರೆದು ಆವೃತ್ತಿಯನ್ನು ಪರಿಶೀಲಿಸಿ, ರಿಜಿಸ್ಟರೊಂದರಲ್ಲಿ ದಿನಾಂಕ ಬರೆದು ಸಹಿ ಮಾಡಿಸುವುದು ಒಳ್ಳೆಯದು.

೨. ಬೆಂಬಲ ಮುಗಿದ ವ್ಯವಸ್ಥೆಗಳು: ವಿಂಡೋಸ್ ೭ ಮತ್ತು ೮.೧ ಯಂತ್ರಗಳಿಗೆ ಕ್ರೋಮ್‌ನ ೧೦೯ನೆಯ ಆವೃತ್ತಿಯೇ ಕೊನೆಯದು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವೂ ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು; ಆ ನಂತರ ಭದ್ರತಾ ತೇಪೆಗಳು ಬೇಕಾದವರು ವಿಸ್ತೃತ ಯೋಜನೆಗೆ ನೋಂದಾಯಿಸಿಕೊಳ್ಳಬೇಕು. ಹಳೆಯ ತೂಕದ ಸೇತುವೆ ಅಥವಾ ಹಳೆಯ ಯಂತ್ರೋಪಕರಣಕ್ಕಾಗಿ ಹಳೆಯ ಗಣಕವನ್ನು ಇಟ್ಟುಕೊಳ್ಳಲೇಬೇಕಾದರೆ, ಅದಕ್ಕೆ ಅಂತರ್ಜಾಲ ಸಂಪರ್ಕವನ್ನು ತೆಗೆದುಬಿಡಿ.

೩. ಬಳಕೆದಾರನ ಅಧಿಕಾರ: ೨೦೧೪ರ ಪ್ರಕಟಣೆಯಲ್ಲಿಯೇ ಮೈಕ್ರೋಸಾಫ್ಟ್ ಒಂದು ಮುಖ್ಯ ಮಾತನ್ನು ಹೇಳಿತ್ತು. ದಾಳಿಕೋರನಿಗೆ ದೊರೆಯುವುದು ಆ ವೇಳೆ ಯಂತ್ರವನ್ನು ಬಳಸುತ್ತಿರುವವನ ಅಧಿಕಾರವಷ್ಟೇ. ಗುಮಾಸ್ತರು ‘ಅಡ್ಮಿನಿಸ್ಟ್ರೇಟರ್’ ಆಗಿ ಪ್ರವೇಶಿಸಿದ್ದರೆ ಕಳ್ಳನೂ ಅಡ್ಮಿನಿಸ್ಟ್ರೇಟರ್ ಆಗುತ್ತಾನೆ. ದೈನಂದಿನ ಕೆಲಸಕ್ಕೆ ‘ಸ್ಟ್ಯಾಂಡರ್ಡ್ ಯೂಸರ್’ ಖಾತೆಯನ್ನೇ ಬಳಸಬೇಕು. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

೪. ಬೇಡದ ಜೋಡಣೆಗಳನ್ನು ತೆಗೆಯುವುದು: ೨೦೧೪ರಲ್ಲಿ ತೇಪೆ ಬರುವವರೆಗೆ ಸೂಚಿಸಲಾದ ತಾತ್ಕಾಲಿಕ ಉಪಾಯಗಳೆಂದರೆ ಫ್ಲ್ಯಾಶ್ ನಿಷ್ಕ್ರಿಯಗೊಳಿಸುವುದು, ಬಳಕೆಯಲ್ಲಿಲ್ಲದ ವಿಜಿಎಕ್ಸ್ ಎಂಬ ಭಾಗವನ್ನು ನೋಂದಣಿಯಿಂದ ತೆಗೆಯುವುದು, ಇಎಂಇಟಿ ಎಂಬ ರಕ್ಷಣಾ ಸಾಧನವನ್ನು ಅಳವಡಿಸುವುದು. ಆ ಸಾಧನಗಳು ಇಂದಿಲ್ಲ. ತತ್ತ್ವ ಮಾತ್ರ ಇಂದಿಗೂ ಸಲ್ಲುತ್ತದೆ. ಬಳಸದ ‘ಎಕ್ಸ್‌ಟೆನ್ಷನ್’ಗಳನ್ನು ತೆಗೆದುಹಾಕಿ. ಹಳೆಯ ತಾಣವೊಂದಕ್ಕೆ ಎಡ್ಜ್ ಬ್ರೌಸರಿನ ‘ಐಇ ಮೋಡ್’ ಅನಿವಾರ್ಯವಾದರೆ ಆ ಒಂದು ತಾಣಕ್ಕೆ ಮಾತ್ರ ಸೀಮಿತಗೊಳಿಸಿ.

೫. ಬ್ಯಾಂಕಿಗೆ ಪ್ರತ್ಯೇಕ ಯಂತ್ರ: ಸಾಧ್ಯವಿರುವವರು ಬ್ಯಾಂಕ್ ಮತ್ತು ತೆರಿಗೆ ಕಾರ್ಯಗಳಿಗೆ ಒಂದು ಯಂತ್ರವನ್ನು ಮೀಸಲಿಡಬೇಕು. ಆ ಯಂತ್ರದಲ್ಲಿ ಸಿನಿಮಾ, ಕ್ರಿಕೆಟ್, ಸುದ್ದಿ ತಾಣಗಳು ನಿಷಿದ್ಧ. ಇದರೊಡನೆ, ಪಾವತಿಯನ್ನು ಒಬ್ಬರು ನಮೂದಿಸಿ ಮತ್ತೊಬ್ಬರು ಬೇರೆ ಯಂತ್ರದಿಂದ ಅನುಮೋದಿಸುವ ವ್ಯವಸ್ಥೆಯನ್ನು ಬ್ಯಾಂಕಿನಿಂದ ಕೇಳಿ ಪಡೆಯಬೇಕು. ಆಂತರಿಕ ನಿಯಂತ್ರಣದ ಈ ಹಳೆಯ ಸೂತ್ರವು ಹೊಸ ಅಪಾಯಕ್ಕೂ ಮದ್ದು.

೬. ಡಿಜಿಟಲ್ ಸಹಿಯ ಟೋಕನ್: ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟ ಟೋಕನ್ ಎಂದರೆ ಸಹಿ ಹಾಕಿ ಮೇಜಿನ ಮೇಲೆ ಬಿಟ್ಟ ಖಾಲಿ ಚೆಕ್ಕು. ಯಂತ್ರವು ಪರರ ವಶವಾಗಿದ್ದರೆ ಪಿನ್ ಸಂಖ್ಯೆಯೂ ಗುಪ್ತವಾಗಿ ಉಳಿಯದು. ಸಹಿಯಾದೊಡನೆ ಟೋಕನ್ ಕಳಚಿ ಬೀಗದೊಳಗಿಡಿ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ೪೨ನೆಯ ಕಲಮಿನ ಪ್ರಕಾರ, ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳಲು ಯುಕ್ತ ಎಚ್ಚರ ವಹಿಸುವುದು ಸಹಿದಾರನ ಕರ್ತವ್ಯ. ಅದು ಪರರ ಪಾಲಾದರೆ ಪ್ರಮಾಣಪತ್ರ ನೀಡಿದ ಸಂಸ್ಥೆಗೆ ವಿಳಂಬವಿಲ್ಲದೆ ತಿಳಿಸಬೇಕು.

೭. ಬ್ಯಾಕಪ್: ಲೆಕ್ಕಪತ್ರಗಳ ಪ್ರತಿಯನ್ನು ಪ್ರತಿದಿನ ತೆಗೆದು, ವಾರಕ್ಕೊಂದು ಪ್ರತಿಯನ್ನು ಯಂತ್ರದಿಂದ ಕಳಚಿ ಬೇರೆಡೆ ಇಡಬೇಕು. ಸದಾ ಜೋಡಿಸಿಯೇ ಇರುವ ಪ್ರತಿಯು ಮೂಲದೊಡನೆಯೇ ಹಾಳಾಗುತ್ತದೆ. ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವ ಕಂಪನಿಗಳಿಗೆ ದೈನಂದಿನ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿರಬೇಕೆಂಬ ನಿಯಮ ೨೦೨೨ರ ಆಗಸ್ಟ್‌ನಲ್ಲಿಯೇ ಬಂದಿದೆ ಎಂಬುದನ್ನು ಇಲ್ಲಿ ನೆನಪಿಸಬಯಸುತ್ತೇನೆ.

ಅವಘಡ ಸಂಭವಿಸಿದರೆ

ಯಂತ್ರದ ನಡವಳಿಕೆಯಲ್ಲಿ ಸಂಶಯ ಬಂದರೆ ಮೊದಲು ಅಂತರ್ಜಾಲದ ಸಂಪರ್ಕವನ್ನು ಕಳಚಿ. ಬ್ಯಾಂಕಿನ ಗುಪ್ತಪದಗಳನ್ನು ಬೇರೊಂದು ಶುದ್ಧ ಯಂತ್ರದಿಂದ ಬದಲಿಸಿ. ಅದೇ ಯಂತ್ರದಿಂದ ಬದಲಿಸಿದರೆ ಹೊಸ ಗುಪ್ತಪದವನ್ನೂ ಕಳ್ಳನ ಕೈಗೆ ಕೊಟ್ಟಂತಾಗುತ್ತದೆ. ಹಣ ಹೋಗಿದ್ದರೆ ತಕ್ಷಣ ಬ್ಯಾಂಕಿಗೂ ೧೯೩೦ ಸಹಾಯವಾಣಿಗೂ ತಿಳಿಸಿ.

ಇಲ್ಲಿ ಸಮಯವೇ ಹಣ. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ವ್ಯವಸ್ಥೆಯ ಬೇರೆಡೆ ಲೋಪವಾದ ಸಂದರ್ಭದಲ್ಲಿ, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ಹೊಣೆಯಿಲ್ಲವೆಂದೂ, ನಾಲ್ಕರಿಂದ ಏಳು ದಿನಗಳಾದರೆ ಮಿತ ಹೊಣೆಯೆಂದೂ ರಿಸರ್ವ್ ಬ್ಯಾಂಕಿನ ೨೦೧೭ರ ಜುಲೈ ೬ರ ಸುತ್ತೋಲೆ ವಿಧಿಸಿತು. ಆದರೆ ಗ್ರಾಹಕನ ನಿರ್ಲಕ್ಷ್ಯದಿಂದಾದ ನಷ್ಟವನ್ನು, ಬ್ಯಾಂಕಿಗೆ ತಿಳಿಸುವವರೆಗೆ ಅವನೇ ಹೊರಬೇಕೆಂದೂ ಅದೇ ಸುತ್ತೋಲೆ ಹೇಳಿತು. ತಿಂಗಳುಗಳಿಂದ ತೇಪೆ ಹಾಕದ ಯಂತ್ರವನ್ನು ಮುಂದಿಟ್ಟುಕೊಂಡು ‘ನನ್ನ ನಿರ್ಲಕ್ಷ್ಯವಿಲ್ಲ’ ಎಂದು ವಾದಿಸುವುದು ಸುಲಭವಲ್ಲ. ಮೇಲೆ ಹೇಳಿದ ನವೀಕರಣದ ರಿಜಿಸ್ಟರು ಇಂತಹ ಸಮಯದಲ್ಲಿ ನಿಮ್ಮ ಪರವಾಗಿ ನಿಲ್ಲುವ ದಾಖಲೆಯಾದೀತು.

ಉಪಸಂಹಾರ

ಈ ಏಳು ಕ್ರಮಗಳ ಪೈಕಿ ಹೆಚ್ಚಿನವಕ್ಕೆ ಬೇಕಾದುದು ಹಣಕ್ಕಿಂತ ಶಿಸ್ತು. ಸರಕಿಗೆ ಬೆಂಕಿ ವಿಮೆ ಮಾಡಿಸುವ ನಾವು ಬೆಂಕಿ ಬೀಳುತ್ತದೆಂದು ನಿರೀಕ್ಷಿಸಿ ಕಂತು ಕಟ್ಟುವುದಿಲ್ಲ. ಬಿದ್ದರೆ ತಡೆದುಕೊಳ್ಳಲಾಗದೆಂದು ಕಟ್ಟುತ್ತೇವೆ. ಬ್ರೌಸರಿನ ನವೀಕರಣವೂ ಅಂತಹುದೇ ಒಂದು ಕಂತು. ದರ ವಾರಕ್ಕೆ ಹತ್ತು ನಿಮಿಷ. ದೋಷವಿಲ್ಲದ ಬ್ರೌಸರ್ ಇಂದೂ ಇಲ್ಲ, ನಾಳೆಯೂ ದೊರೆಯುವ ಭರವಸೆಯಿಲ್ಲ. ನಮ್ಮ ಕೈಯಲ್ಲಿರುವುದು ದೋಷ ಪ್ರಕಟವಾದ ದಿನಕ್ಕೂ ನಾವು ತೇಪೆ ಹಾಕಿಕೊಂಡ ದಿನಕ್ಕೂ ನಡುವಿನ ಅಂತರವನ್ನು ಕಡಿಮೆ ಮಾಡುವುದು ಮಾತ್ರ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದು. ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ಸದಸ್ಯರು ತಮ್ಮ ಕಚೇರಿಯ ಲೆಕ್ಕದ ಗುಮಾಸ್ತರನ್ನು ಕರೆದು, ಬ್ರೌಸರಿನ ಮೂಲೆಯಲ್ಲಿ ನವೀಕರಣದ ಸೂಚನೆಯೇನಾದರೂ ಹೊಳೆಯುತ್ತಿದೆಯೇ ಎಂದು ವಿಚಾರಿಸಬೇಕೆಂದು ವಿನಂತಿ. ಹೊಳೆಯುತ್ತಿದ್ದರೆ, ಇಪ್ಪತ್ತನೇ ತಾರೀಕಿಗಾಗಿ ಕಾಯುವುದು ಬೇಡ.